ಫೋಟೋ ಮೇಲಿನ ಪುಟಸಂಖ್ಯೆ ತೆಗೆಸಬೇಡಿ

ಸಂಗೀತ ಪತ್ರಿಕೆಯ ಪುಟವಿನ್ಯಾಸಕ್ಕೆಂದು ನನ್ನ ಬಳಿ ಬರುವವರು ಪರಿವಿಡಿ ನೋಡಿದ ಕೂಡಲೇ ಆಡುವ ಮಾತು ಬಹುತೇಕ ಒಂದೇ: "ಅಂಕಿಗಳು ಇಷ್ಟು ದೊಡ್ಡದಾಗಿ ಯಾಕೆ ಸಾರ್? ಫೋಟೋ ಮೇಲಂತೂ ಬೇಡ, ಅಂದ ಕೆಡುತ್ತೆ." ಅವರ ಪತ್ರಿಕೆ ಚೆಂದ ಕಾಣಲಿ ಎಂಬ ಆಸೆ ನನಗೂ ಇದೆ. ಆದರೂ ಈ ಒಂದು ವಿಷಯದಲ್ಲಿ ನಾನು ಬಗ್ಗುವುದಿಲ್ಲ.

ಮುಖಪುಟದಲ್ಲಿ ಗಾಯಕಿಯ ಚಿತ್ರ ಕಂಡು ಪತ್ರಿಕೆ ಕೊಂಡವರು ಪರಿವಿಡಿಗೆ ಬರುವುದು ಆ ಸಂದರ್ಶನ ಎಲ್ಲಿದೆ ಎಂದು ಹುಡುಕಲಿಕ್ಕೆ. ಕಣ್ಣು ಮೊದಲು ಬೀಳುವುದು ಫೋಟೋ ಮೇಲೆ. ಅಲ್ಲೇ 46 ಎಂದಿದ್ದರೆ ಸಾಕು, ಪುಟ ತಿರುಗುತ್ತದೆ. ಇಲ್ಲದಿದ್ದರೆ ಮುಖದಿಂದ ಹೆಸರು, ಹೆಸರಿನಿಂದ ಪಟ್ಟಿ, ಪಟ್ಟಿಯಿಂದ ಸಂಖ್ಯೆ ಎಂದು ಅಲೆಯಬೇಕು. ಹೆಸರಾಂತ ಗಾಯಕರಾದರೆ ಹೇಗೋ ಸಿಕ್ಕಾರು. ಇದೀಗ ಮೊದಲ ಆಲ್ಬಂ ತಂದಿರುವ ಬ್ಯಾಂಡಿನವರ ಮುಖ ಯಾರಿಗೆ ಗೊತ್ತು? ಸಂಖ್ಯೆ ತೆಗೆಸಿದಾಗ ಹೆಚ್ಚು ಪೆಟ್ಟು ತಿನ್ನುವವರು ಅವರೇ. ನನಗೆ ಸಿಟ್ಟು ಬರುವುದೂ ಅಲ್ಲೇ.

ಪುಸ್ತಕದ ಪರಿವಿಡಿಯಲ್ಲಿ ಅಧ್ಯಾಯದ ಹೆಸರು, ಆಮೇಲೆ ಚುಕ್ಕಿಸಾಲು, ಬಲತುದಿಯಲ್ಲಿ ಪುಟಸಂಖ್ಯೆ. ಪತ್ರಿಕೆಯಲ್ಲಿ ಸಾಮಾನ್ಯವಾಗಿ ಸಂಖ್ಯೆಯೇ ಮುಂದೆ, ಶೀರ್ಷಿಕೆ ಅದರ ಪಕ್ಕ, ಕೆಳಗೆ ಒಂದೆರಡು ಸಾಲಿನ ವಿವರಣೆ. ಶೀರ್ಷಿಕೆಗಳ ಉದ್ದ ಏರುಪೇರಾದರೂ ಸಂಖ್ಯೆಗಳು ಒಂದೇ ಗೆರೆಯಲ್ಲಿ ನಿಂತು ಕಣ್ಣಿಗೆ ಆಸರೆಯಾಗುತ್ತವೆ. 8 ಮತ್ತು 108 ಬಲಕ್ಕೆ ಸರಿಹೊಂದಿರಲಿ, ಅಂಕಿಗಳೆಲ್ಲ ಒಂದೇ ಅಗಲದವಾಗಿರಲಿ.

ಬ್ರಿಟನ್ನಿನ ಸಂಗೀತ ಪತ್ರಿಕೆ ಎನ್‌ಎಂಇ (ನ್ಯೂ ಮ್ಯೂಸಿಕಲ್ ಎಕ್ಸ್‌ಪ್ರೆಸ್) ವಾರಪತ್ರಿಕೆಯಾಗಿ ಹುಟ್ಟಿದ್ದು 1952ರಲ್ಲಿ. 2000ರ ದಶಕದಲ್ಲಿ ಅದರ ಪರಿವಿಡಿಯ ಅಂಚಿನಲ್ಲಿ 'ಬ್ಯಾಂಡ್ ಇಂಡೆಕ್ಸ್' ಇರುತ್ತಿತ್ತು: ಅಕಾರಾದಿಯಾಗಿ ಬ್ಯಾಂಡುಗಳ ಹೆಸರು, ಪಕ್ಕದಲ್ಲಿ ಪುಟ. ಅಭಿಮಾನಿ ಹುಡುಕುವುದು ಲೇಖನದ ಶೀರ್ಷಿಕೆಯನ್ನಲ್ಲ, ತನ್ನ ಬ್ಯಾಂಡಿನ ಹೆಸರನ್ನು ಎಂದು ಅವರು ಅರಿತಿದ್ದರು. 1986ರಿಂದ 2020ರವರೆಗೆ ನಡೆದ ಕ್ಯೂ ಎಂಬ ಸಂಗೀತ ಮಾಸಪತ್ರಿಕೆ ವಿಶೇಷ ಲೇಖನಗಳನ್ನೂ ಪ್ರತಿ ತಿಂಗಳ ಅಂಕಣಗಳನ್ನೂ ಬೇರೆ ಬೇರೆ ಪಟ್ಟಿಯಲ್ಲಿ ಕೊಡುತ್ತಿತ್ತು. ಬಣ್ಣ, ಫಾಂಟ್ ಇತ್ಯಾದಿ ಮುಖಪುಟಕ್ಕೆ ಹೊಂದಿದರಾಯಿತು, ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಸಂಖ್ಯೆ ಎರಡು ಕಡೆ ಇದ್ದರೆ ತಪ್ಪೂ ಎರಡು ಕಡೆ ಆದೀತು ಎಂಬ ಆಕ್ಷೇಪವನ್ನು ಮಾತ್ರ ಒಪ್ಪುತ್ತೇನೆ. ಒಮ್ಮೆ ಮುದ್ರಣಕ್ಕೆ ಹೋಗುವ ಹಿಂದಿನ ರಾತ್ರಿ 4 ಪುಟಗಳ ಜಾಹೀರಾತು ಬಂದು ನಡುವೆ ಸೇರಿತು. ಪಟ್ಟಿಯನ್ನು ತಿದ್ದಿದೆ, ಫೋಟೋ ಮೇಲಿನ ಅಂಕಿ ಮರೆತೆ. ಹೊಸ ಡ್ರಮ್ಮರ್ ಒಬ್ಬರ ಸಂದರ್ಶನ ಹುಡುಕಿ ಹೋದವರಿಗೆ ಸಿಕ್ಕಿದ್ದು ಗಿಟಾರ್ ಜಾಹೀರಾತು. ಆ ಹುಡುಗನಿಗೆ ಅದು ಮೊದಲ ಸಂದರ್ಶನವಾಗಿತ್ತು. ಇಂದಿಗೂ ನೆನೆದರೆ ಸಂಕಟವಾಗುತ್ತದೆ.

ಅಂದಿನಿಂದ ಪರಿವಿಡಿಯನ್ನು ಎಲ್ಲಕ್ಕಿಂತ ಕೊನೆಗೆ ಮುಗಿಸುತ್ತೇನೆ. ಪ್ರಿಂಟ್ ತೆಗೆದು, ಮೊದಲು ಫೋಟೋಗಳ, ಆಮೇಲೆ ಪಟ್ಟಿಯ ಒಂದೊಂದೇ ಸಂಖ್ಯೆ ಹಿಡಿದು, ಆ ಪುಟ ತೆರೆದು ನೋಡುತ್ತೇನೆ.