ಕಿರಿಯ ಮಕ್ಕಳಿಗೆ ನಮ್ಮ ತಾಂತ್ರಿಕ ವಿಭಾಗವನ್ನು ಪರಿಚಯಿಸುವುದು ಹೇಗೆ?

ಪ್ರಶ್ನೆ: ನಾವು ನಾಲ್ವರು ಪ್ರೌಢಶಾಲೆಯ ತಾಂತ್ರಿಕ ವಿಭಾಗದಲ್ಲಿ ಎರಡನೇ ವರ್ಷ ಓದುತ್ತಿದ್ದೇವೆ. ಮುಂದಿನ ತಿಂಗಳು ಆರು ಮತ್ತು ಏಳನೇ ತರಗತಿಯ ಮಕ್ಕಳಿಗೆ ನಮ್ಮ ವಿಭಾಗದ ಬಗ್ಗೆ ಅರ್ಧ ಗಂಟೆ ಹೇಳಬೇಕು. 22 ಸ್ಲೈಡ್ ಸಿದ್ಧವಾಗಿವೆ. ಆದರೆ ಹೋದ ವರ್ಷ ನಮ್ಮ ಸೀನಿಯರ್‌ಗಳು ಇದೇ ಥರ ಹೇಳಿದಾಗ ಮಕ್ಕಳು ಆಕಳಿಸುತ್ತಾ ಕೂತಿದ್ದರಂತೆ. ಏನು ಮಾಡಿದರೆ ಅವರು ಕಿವಿಗೊಟ್ಟು ಕೇಳುತ್ತಾರೆ?

ಉತ್ತರ: ಮೊದಲು ಅವರ ಕೈಗೆ ಏನಾದರೂ ಕೊಡಿ. ಕಿವಿ ತಾನಾಗಿ ಹಿಂದೆ ಬರುತ್ತದೆ.

ನಿಮ್ಮ 22 ಸ್ಲೈಡ್‌ಗಳಲ್ಲಿ ಏನಿರಬಹುದು ಎಂದು ಊಹಿಸಬಲ್ಲೆ: ವಿಷಯಗಳ ಪಟ್ಟಿ, ಲ್ಯಾಬ್‌ಗಳ ಫೋಟೋ, ಬಹುಮಾನ ಹಿಡಿದು ನಿಂತವರ ಫೋಟೋ, ಮುಂದೆ ಯಾವ ಯಾವ ಕೋರ್ಸ್ ಮಾಡಬಹುದು ಎಂಬ ಬಾಣದ ಗುರುತಿನ ಚಿತ್ರ. ಇವೆಲ್ಲ ತಂದೆ ತಾಯಿಗೆ ಬೇಕಾದ ಮಾಹಿತಿ, ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಮನೆಗೆ ಕಳುಹಿಸಿದರೆ ಸಾಕು. ಹನ್ನೊಂದು ವರ್ಷದ ಮಗುವಿಗೆ ‘ಬೇಸಿಕ್ ಎಲೆಕ್ಟ್ರಾನಿಕ್ಸ್’ ಎಂದರೆ ಕಣ್ಣ ಮುಂದೆ ಒಂದು ಚಿತ್ರವೂ ಮೂಡುವುದಿಲ್ಲ. ನಿಮಗೆ ಮೂಡುತ್ತದೆ, ಏಕೆಂದರೆ ಸೋಲ್ಡರಿಂಗ್ (ಲೋಹ ಕರಗಿಸಿ ವೈರು ಬೆಸೆಯುವ ಕೆಲಸ) ಹೊಗೆಯ ವಾಸನೆ ನಿಮ್ಮ ಮೂಗಿಗೆ ಗೊತ್ತು. ಆ ಅನುಭವದ ಒಂದು ಚೂರನ್ನು ಅವರಿಗೂ ಕೊಡುವುದೇ ನಿಮ್ಮ ಅರ್ಧ ಗಂಟೆಯ ಕೆಲಸ.

ನಾನು ವರ್ಷ ವರ್ಷವೂ ಮಾಡಿಸುವುದು ಹೀಗೆ. ಇಬ್ಬಿಬ್ಬರಿಗೆ ಎರಡು ತಂತಿ ಕಾಲುಗಳಿರುವ ಒಂದು ಪುಟ್ಟ ದೀಪ, ಅಂದರೆ ಕೆಂಪು ಎಲ್‌ಇಡಿ, ಒಂದು 3 ವೋಲ್ಟ್‌ನ ನಾಣ್ಯದಾಕಾರದ ಬ್ಯಾಟರಿ. ಕೊಡುವಾಗ ಒಂದೇ ಮಾತು: ‘ಇದನ್ನು ಉರಿಸಿ.’ ಹೇಗೆ ಅಂತ ಹೇಳಬೇಡಿ. ಬ್ಯಾಟರಿಯನ್ನು ದೀಪದ ಎರಡು ಕಾಲುಗಳ ನಡುವೆ ಸಿಕ್ಕಿಸಬೇಕು ಎಂಬುದು ಯಾರಿಗಾದರೂ ಬೇಗ ಹೊಳೆಯುತ್ತದೆ, ಪಕ್ಕದವರು ನೋಡಿ ಕಲಿಯುತ್ತಾರೆ. ಆದರೆ ಸುಮಾರು ಅರ್ಧ ತರಗತಿಯ ದೀಪ ಹತ್ತುವುದೇ ಇಲ್ಲ. ‘ನಮ್ಮದು ಕೆಟ್ಟಿದೆ’ ಎಂಬ ಕೂಗು ಏಳುತ್ತದೆ. ಆಗಲೂ ಸುಮ್ಮನಿರಿ. ಯಾವುದೋ ಮಗು ಎಲ್‌ಇಡಿಯನ್ನು ತಿರುಗಿಸಿ ಹಾಕುತ್ತದೆ, ಕೆಂಪು ಬೆಳಕು ಬರುತ್ತದೆ, ಆ ಬೆಂಚಿನಿಂದ ಈ ಬೆಂಚಿಗೆ ಸುದ್ದಿ ಹಬ್ಬುತ್ತದೆ. ಅದಾದ ಮೇಲೆ ಕೇಳಿ: ಎರಡು ಕಾಲುಗಳಲ್ಲಿ ಏನಾದರೂ ವ್ಯತ್ಯಾಸ ಕಾಣುತ್ತಾ? ಒಂದು ಉದ್ದ, ಒಂದು ಗಿಡ್ಡ. ಉದ್ದದ ಕಾಲು ಬ್ಯಾಟರಿಯ ಪ್ಲಸ್ ಕಡೆಗೆ ಬಂದರೆ ಮಾತ್ರ ಕರೆಂಟು ಹರಿಯುತ್ತದೆ. ಒಂದೇ ದಿಕ್ಕಿಗೆ ದಾರಿ ಬಿಡುವ ಇಂಥ ವಸ್ತುವಿಗೆ ಡಯೋಡ್ ಎನ್ನುತ್ತಾರೆ ಎಂದು ಈಗ ಹೇಳಿ. ಮೊದಲು ಬೆಳಕು, ಆಮೇಲೆ ಹೆಸರು. ಈ ಕ್ರಮವನ್ನು ತಿರುವುಮುರುವು ಮಾಡಿದರೆ ಆಕಳಿಕೆ ಶುರುವಾಗುತ್ತದೆ.

ಇಲ್ಲಿ ಎರಡು ಎಚ್ಚರಿಕೆ. ಈ ಪುಟ್ಟ ಬ್ಯಾಟರಿಯನ್ನು ಮಗು ನುಂಗಿದರೆ ಅನ್ನನಾಳವೇ ಸುಟ್ಟು ಹೋಗುವಷ್ಟು ಅಪಾಯ. ಎಣಿಸಿ ಕೊಡಿ, ಎಣಿಸಿ ವಾಪಸ್ ತೆಗೆದುಕೊಳ್ಳಿ, ಲೆಕ್ಕ ಸರಿಹೋಗುವ ತನಕ ಯಾರನ್ನೂ ಏಳಗೊಡಬೇಡಿ. ಇನ್ನೊಂದು, ನಾಣ್ಯದ ಬ್ಯಾಟರಿ ಸಿಗಲಿಲ್ಲ ಎಂದು 9 ವೋಲ್ಟ್‌ನದಕ್ಕೆ ಎಲ್‌ಇಡಿಯನ್ನು ನೇರವಾಗಿ ಹಾಕಬೇಡಿ, ಸುಟ್ಟೇ ಹೋಗುತ್ತದೆ. ನಾಣ್ಯದ ಬ್ಯಾಟರಿಯ ಒಳಗಿನ ರೋಧವೇ ಕರೆಂಟನ್ನು ತಡೆಹಿಡಿಯುತ್ತದೆ, 9 ವೋಲ್ಟ್‌ನ ಬ್ಯಾಟರಿಯಲ್ಲಿ ಆ ರಕ್ಷಣೆ ಸಾಲದು. ಅದನ್ನೇ ಬಳಸಬೇಕಾದರೆ 470 ಓಮ್‌ನ ರೆಸಿಸ್ಟರ್ (ಕರೆಂಟು ತಗ್ಗಿಸುವ ಬಿಡಿಭಾಗ) ಸೇರಿಸಿ. ಕೆಂಪು ಎಲ್‌ಇಡಿ ಸುಮಾರು 2 ವೋಲ್ಟ್ ತೆಗೆದುಕೊಂಡರೆ ಉಳಿದ 7 ವೋಲ್ಟನ್ನು 470ರಿಂದ ಭಾಗಿಸಿ, ಸುಮಾರು 15 ಮಿಲಿಆಂಪಿಯರ್ ಕರೆಂಟು ಹರಿಯುತ್ತದೆ. ಈ ಲೆಕ್ಕವನ್ನು ಬೋರ್ಡಿನ ಮೇಲೆ ಒಂದು ಸಾಲಿನಲ್ಲಿ ಬರೆದು ತೋರಿಸಿದರೂ ಒಳ್ಳೆಯದೇ. ಗಣಿತ ಎಲ್ಲಿ ಬೇಕಾಗುತ್ತದೆ ಎಂಬುದಕ್ಕೆ ಬೇರೆ ಭಾಷಣ ಬೇಡ.

ಕೈಯಲ್ಲಿರುವ ವಸ್ತುವಿನಿಂದ ಶುರುಮಾಡುವ ಈ ದಾರಿ ಬಹಳ ಹಳೆಯದು. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1825ರಲ್ಲಿ ಎಳೆಯರಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು ಆರಂಭವಾದವು. ಮೈಕೆಲ್ ಫ್ಯಾರಡೆ ಒಬ್ಬರೇ 19 ವರ್ಷ ಆ ಉಪನ್ಯಾಸಮಾಲೆ ನಡೆಸಿಕೊಟ್ಟರು. ವಿದ್ಯುತ್ತಿನ ಬಗ್ಗೆ ಅವರಿಗಿಂತ ಹೆಚ್ಚು ತಿಳಿದವರು ಆಗ ವಿರಳ. ಆದರೂ 1848ರಲ್ಲಿ, ಮತ್ತೆ 1860ರಲ್ಲಿ ಅವರು ಆರಿಸಿಕೊಂಡದ್ದು ಒಂದು ಮೇಣದಬತ್ತಿಯನ್ನು. ಪ್ರತಿ ಮಗುವೂ ಕಂಡಿದ್ದ ವಸ್ತು ಅದು. ಅದರ ಜ್ವಾಲೆಯಿಂದ ಹೊರಟು ಗಾಳಿ, ನೀರು, ಉಸಿರಾಟದವರೆಗೆ ಮಕ್ಕಳನ್ನು ಕರೆದೊಯ್ದರು. ಸ್ವತಃ ಪುಸ್ತಕಕ್ಕೆ ರಟ್ಟು ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಾ ವಿಜ್ಞಾನ ಓದಿಕೊಂಡವರು. ಏನೂ ತಿಳಿಯದೆ ಕೂತಾಗ ಹೇಗಿರುತ್ತದೆ ಎಂಬುದು ಅವರಿಗೆ ಮರೆತಿರಲಿಲ್ಲ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಇನ್ನು ನಿಮ್ಮ ಪ್ರಾಜೆಕ್ಟ್‌ಗಳ ವಿಷಯ. ಎಲ್ಲರೂ ತಮ್ಮ ಅತ್ಯುತ್ತಮ ಪ್ರಾಜೆಕ್ಟನ್ನು ತರುತ್ತಾರೆ, ಗುಂಡಿ ಒತ್ತುತ್ತಾರೆ, ಅದು ಓಡುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಅಲ್ಲಿಗೆ ಮುಗಿಯಿತು. ಒಂದು ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳು ಕಪ್ಪು ಗೆರೆ ಹಿಡಿದು ಓಡುವ ರೋಬಾಟ್ ತಂದಿದ್ದಳು. ಲ್ಯಾಬಿನಲ್ಲಿ ಗಡಿಯಾರದಂತೆ ಓಡುತ್ತಿದ್ದ ಅದು ಆ ತರಗತಿಯಲ್ಲಿ ಗೆರೆ ಬಿಟ್ಟು ಬೆಂಚಿನ ಕಾಲಿಗೆ ಹೋಗಿ ಬಡಿಯಿತು. ಮತ್ತೆ ಇಟ್ಟಳು, ಮತ್ತೆ ಅದೇ. ಅವಳ ಮುಖ ಕೆಂಪಾಯಿತು. ನಾನು ಎದ್ದು ಹೋಗಬೇಕೆಂದಿದ್ದೆ, ಅಷ್ಟರಲ್ಲಿ ಅವಳೇ ಮಂಡಿಯೂರಿ ಕೂತು ಜೋರಾಗಿ ಯೋಚಿಸತೊಡಗಿದಳು: ‘ಬ್ಯಾಟರಿ ಸರಿಯಿದೆ. ಚಕ್ರ ತಿರುಗ್ತಿದೆ. ಗೆರೆ ಕಾಣ್ತಾ ಇಲ್ಲ ಇದಕ್ಕೆ. ಯಾಕೆ?’ ಮಕ್ಕಳು ಬೆಂಚು ಬಿಟ್ಟು ಸುತ್ತ ನೆರೆದರು. ಒಬ್ಬ ಹುಡುಗ, ‘ಅಕ್ಕಾ, ಬಿಸಿಲು ಬೀಳ್ತಿದೆಯಲ್ಲ’ ಎಂದ. ಅವಳು ಅಂಗೈಯಿಂದ ಸೆನ್ಸರ್‌ಗೆ ನೆರಳು ಮಾಡಿದಳು, ರೋಬಾಟ್ ಗೆರೆಗೆ ಬಂತು! ಆ ಸೆನ್ಸರ್ ತಾನೇ ಬಿಟ್ಟ ಅತಿಗೆಂಪು ಬೆಳಕು ನೆಲದಿಂದ ಎಷ್ಟು ವಾಪಸ್ ಬಂತು ಎಂದು ನೋಡಿ ಕಪ್ಪು ಬಿಳುಪನ್ನು ಗುರುತಿಸುತ್ತದೆ. ಬಿಸಿಲಿನಲ್ಲೂ ಅತಿಗೆಂಪು ಬೆಳಕು ಧಾರಾಳವಾಗಿ ಇರುವುದರಿಂದ ಅದಕ್ಕೆ ಗೊಂದಲವಾಗಿತ್ತು. ಆವತ್ತು ಆ ಮಕ್ಕಳು ತಾಂತ್ರಿಕ ವಿಭಾಗ ಎಂದರೆ ಏನು ಎಂಬುದನ್ನು ಕಣ್ಣಾರೆ ಕಂಡರು. ಅಂದಿನಿಂದ ನಾನು ಪ್ರತಿ ತಂಡಕ್ಕೂ ಹೇಳುತ್ತೇನೆ, ಒಂದು ದೋಷವನ್ನು ಬೇಕೆಂದೇ ಇಟ್ಟುಕೊಂಡು ಹೋಗಿ. ಬ್ರೆಡ್‌ಬೋರ್ಡಿನಲ್ಲಿ (ವೈರುಗಳನ್ನು ಚುಚ್ಚಿ ಸರ್ಕ್ಯೂಟ್ ಜೋಡಿಸುವ ಹಲಗೆ) ಒಂದು ವೈರು ಸಡಿಲ ಬಿಟ್ಟರೂ ಸಾಕು. ಕರೆಂಟಿನ ದಾರಿ ಕೂಡಿದ್ದರೆ ಬೀಪ್ ಎನ್ನುವ ಅಳತೆ ಸಾಧನ ಮಲ್ಟಿಮೀಟರನ್ನು ಮಕ್ಕಳ ಕೈಗೆ ಕೊಟ್ಟು, ಬೀಪ್ ಶಬ್ದ ಎಲ್ಲಿ ನಿಲ್ಲುತ್ತದೆ ಎಂದು ಅವರೇ ಹುಡುಕಲಿ. ಅದಕ್ಕೂ ಮೊದಲು ಬ್ಯಾಟರಿ ತೆಗೆದಿರಬೇಕು, ನೆನಪಿರಲಿ.

ಮೆಕ್ಯಾನಿಕಲ್ ಕಡೆಯವರಿದ್ದರೆ ತೀರಾ ಸಣ್ಣ ದಪ್ಪವನ್ನು ಅಳೆಯುವ ಮೈಕ್ರೊಮೀಟರ್ ಒಂದೇ ಸಾಕು. ಒಂದು ಮಗುವಿನ ತಲೆಗೂದಲನ್ನು ಅಳೆಯಿರಿ, ಇನ್ನೊಂದರದ್ದನ್ನೂ ಅಳೆಯಿರಿ. 0.06 ಮಿಲಿಮೀಟರ್, 0.08 ಮಿಲಿಮೀಟರ್ ಎಂದು ಓದುತ್ತಿದ್ದಂತೆ ಎಲ್ಲರೂ ಕೂದಲು ಕಿತ್ತುಕೊಂಡು ಸಾಲು ನಿಲ್ಲುತ್ತಾರೆ. ಸೋಲ್ಡರಿಂಗ್ ಮಾತ್ರ ನೀವೇ ಮಾಡಿ ತೋರಿಸಿ. 350 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಕಾದಿರುವ ತುದಿ ಆ ವಯಸ್ಸಿನವರ ಕೈಗೆ ಮೊದಲ ದಿನವೇ ಬೇಡ.

ಯಾರು ಏನು ಮಾಡುತ್ತಾರೆ ಎಂಬುದನ್ನು ಮಕ್ಕಳು ನಾವು ಅಂದುಕೊಂಡದ್ದಕ್ಕಿಂತ ಸೂಕ್ಷ್ಮವಾಗಿ ಗಮನಿಸುತ್ತಾರೆ. ಹುಡುಗಿಯರು ಸ್ವಾಗತ ಕೋರಿ ಪಕ್ಕಕ್ಕೆ ನಿಂತು, ಹುಡುಗರು ಮೆಷಿನ್ ನಡೆಸಿದರೆ, ಕೆಳಗೆ ಕೂತ ಹುಡುಗಿಗೆ ‘ಇದು ನನಗಲ್ಲ’ ಎಂಬ ಉತ್ತರ ಸಿಕ್ಕಿಬಿಟ್ಟಿತು. ನಿಮ್ಮ ತಂಡದಲ್ಲಿ ಹುಡುಗಿಯರೇ ಇಲ್ಲದಿದ್ದರೆ ಇನ್ನೊಂದು ಬ್ಯಾಚಿನಿಂದ ಕರೆದುಕೊಳ್ಳಿ, ಡ್ರಿಲ್ ಅವಳ ಕೈಯಲ್ಲಿರಲಿ.

ಕಷ್ಟಗಳನ್ನು ಮುಚ್ಚಿಡಬೇಡಿ. ‘ಸುಲಭ, ಮಾರ್ಕ್ಸ್ ಬರುತ್ತೆ, ಕೆಲಸ ಗ್ಯಾರಂಟಿ’ ಎನ್ನುವ ಮಾತು ನಂಬಿ ಸೇರಿದ ಮಗು ಮೊದಲ ಪರೀಕ್ಷೆಯಲ್ಲೇ ಕುಗ್ಗಿ ಹೋಗುವುದನ್ನು ನೋಡಿದ್ದೇನೆ, ಅದು ನೋಡಲಾಗದ ಸಂಕಟ. ಸಮೀಕರಣ ಬಿಡಿಸಬೇಕು, ಡ್ರಾಯಿಂಗ್‌ನಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಅಳಿಸಿ ಮತ್ತೆ ಎಳೆಯಬೇಕು, ವರ್ಕ್‌ಶಾಪಿನಲ್ಲಿ ಅಂಗಿಯ ಸಡಿಲ ತೋಳು, ಬಿಚ್ಚಿದ ಕೂದಲು ನಡೆಯುವುದಿಲ್ಲ, ರಕ್ಷಣಾ ಕನ್ನಡಕ ಹಾಕದೆ ಮೆಷಿನ್ ಮುಟ್ಟುವಂತಿಲ್ಲ. ನಿಮ್ಮ ಮೊದಲ ವರ್ಷದ ಯಾವುದಾದರೂ ಹಾಳಾದ ಕೆಲಸವನ್ನು ಎತ್ತಿ ತೋರಿಸಿ, ಏನು ತಪ್ಪಾಗಿತ್ತು ಹೇಳಿ.

ಪ್ರಶ್ನೆಗಳಿಗೆ ಹತ್ತು ನಿಮಿಷವಾದರೂ ಉಳಿಸಿ. ಒಂದು ಪ್ರಶ್ನೆ ಬಂದೇ ಬರುತ್ತದೆ: ‘ಓದು ತಲೆಗೆ ಹತ್ತದವರು ಇಲ್ಲಿಗೆ ಬರೋದಂತೆ, ಹೌದಾ?’ ಬೇಸರಪಟ್ಟುಕೊಳ್ಳಬೇಡಿ. ಮಗು ಎಲ್ಲೋ ದೊಡ್ಡವರ ಬಾಯಲ್ಲಿ ಕೇಳಿದ್ದನ್ನು ತಂದಿದೆ, ಅಷ್ಟೇ. ಈಗತಾನೇ ಮಾಡಿದ ದೀಪದ ಲೆಕ್ಕವನ್ನು ಬೋರ್ಡಿನಲ್ಲಿ ತೋರಿಸಿ, ‘ಇದನ್ನು ಓದದೆ ಮಾಡೋಕಾಗುತ್ತಾ?’ ಎಂದು ಕೇಳಿ. ‘ಇದಕ್ಕೆ ಸೇರಿದರೆ ಮುಂದೆ ಡಾಕ್ಟರ್ ಆಗಬಹುದಾ?’ ಎಂಬಂಥ ಪ್ರಶ್ನೆಗೆ ಮಾತ್ರ ಅಂದಾಜಿನ ಉತ್ತರ ಕೊಡಬೇಡಿ. ಯಾವ ದಾರಿ ತೆರೆದಿರುತ್ತದೆ, ಯಾವುದಕ್ಕೆ ಬೇರೆ ವಿಷಯ ಬೇಕಾಗುತ್ತದೆ ಎಂದು ನಿಮ್ಮ ಶಿಕ್ಷಕರಲ್ಲಿ ಮೊದಲೇ ಕೇಳಿ, ಬರೆದಿಟ್ಟುಕೊಳ್ಳಿ.

ಹೋಗುವ ಮುನ್ನ ಆ ವಯಸ್ಸಿನ ತಮ್ಮನೋ ತಂಗಿಯೋ ಇದ್ದರೆ ಒಮ್ಮೆ ಕೂರಿಸಿಕೊಂಡು ಪೂರ್ತಿ ನಡೆಸಿ ನೋಡಿ. ಎಲ್ಲಿ ಅವರ ಕಣ್ಣು ಬೇರೆ ಕಡೆ ಹೊರಳಿತೋ ಆ ಭಾಗವನ್ನು ಕಿತ್ತುಹಾಕಿ. ಇನ್ನೊಂದು ಮುಖ್ಯ ಮಾತು: ಬೆಲ್ ಹೊಡೆದ ಮೇಲೂ ಮೇಜಿನ ಹತ್ತಿರ ಇಬ್ಬರೋ ಮೂವರೋ ಉಳಿದುಕೊಳ್ಳುತ್ತಾರೆ. ತರಗತಿಯಲ್ಲಿ ಕೈ ಎತ್ತದೆ ಕೂತಿದ್ದವರೇ ಹೆಚ್ಚಾಗಿ ಅವರು. ಅವರಿಗಾಗಿ ಇನ್ನೂ ಹತ್ತು ನಿಮಿಷ ಬೇಕೆಂದು ಆ ಶಾಲೆಯವರನ್ನು ಮೊದಲೇ ಕೇಳಿಕೊಂಡಿರಿ, ಸ್ಕ್ರೂಡ್ರೈವರ್‌ಗಳನ್ನು ಬೇಗ ಚೀಲಕ್ಕೆ ತುಂಬಿಬಿಡಬೇಡಿ.