ಅತ್ತರೆ ಮಾತ್ರ ದುಃಖ ಇಳಿಯುತ್ತಾ?

ಪ್ರಶ್ನೆ: ಅಪ್ಪ ತೀರಿಕೊಂಡು ಎರಡು ತಿಂಗಳಾಯಿತು. ಅಮ್ಮ ಇವತ್ತಿನವರೆಗೂ ಬಾಯಿಬಿಟ್ಟು ಅತ್ತಿಲ್ಲ. ಅಡುಗೆ ಮಾಡುತ್ತಾರೆ, ಬೆಳಿಗ್ಗೆ ಪಾರ್ಕಿಗೆ ಹೋಗಿಬರುತ್ತಾರೆ. "ದುಃಖ ಒಳಗೇ ಉಳಿದರೆ ತಲೆ ಕೆಡುತ್ತೆ, ಹೇಗಾದರೂ ಮಾಡಿ ಅವಳನ್ನ ಅಳಿಸಿ" ಅಂತ ದೊಡ್ಡಮ್ಮ ದಿನಾ ಫೋನ್ ಮಾಡುತ್ತಿದ್ದಾರೆ. ಸಿನಿಮಾದಲ್ಲೂ ಹಾಗೇ ತೋರಿಸುತ್ತಾರಲ್ವಾ? ಏನು ಮಾಡಲಿ?
(ಮಲ್ಲೇಶ್ವರದ ಓದುಗರೊಬ್ಬರು)

ಅಳಿಸಬೇಡಿ. ಅಮ್ಮನಿಗೆ ಅಳು ಬಂದರೆ ಪಕ್ಕದಲ್ಲಿ ಕೂತುಕೊಳ್ಳಿ, ಬರದಿದ್ದರೆ ಒಂದು ಲೋಟ ಕಾಫಿ ಮಾಡಿಕೊಡಿ, ಅಷ್ಟೇ. ಈ ಪ್ರಶ್ನೆ ನಿಮ್ಮೊಬ್ಬರದೇ ಅಲ್ಲ, ಸಾವಾದ ಮನೆಯಿಂದ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ.

ದೊಡ್ಡಮ್ಮ ಹೇಳುವ ಆ ದೃಶ್ಯ ನಮಗೆಲ್ಲ ಬಾಯಿಪಾಠ. ಹಜಾರದಲ್ಲಿ ಹೆಣ ಇದೆ, ಹೆಂಡತಿ ಗೋಡೆಗೆ ಒರಗಿ ಕಲ್ಲಿನ ಹಾಗೆ ಕೂತಿದ್ದಾಳೆ, ಯಾರೋ ಹಿರಿಯರು "ಅತ್ತುಬಿಡು ಮಗಳೇ" ಅಂತ ಭುಜ ಹಿಡಿದು ಅಲ್ಲಾಡಿಸುತ್ತಾರೆ, ಅದೂ ಆಗಲಿಲ್ಲ ಅಂದರೆ ಕೆನ್ನೆಗೊಂದು ಏಟು, ಆಗ ಕಿಟಾರನೆ ಕಿರುಚಿ ಅಳು, ಹಿಂದೆ ಪಿಟೀಲು. ಮುಂದಿನ ದೃಶ್ಯದಲ್ಲಿ ಅವಳು ತಲೆ ಬಾಚಿಕೊಂಡು ಮಕ್ಕಳಿಗೆ ಊಟ ಬಡಿಸುತ್ತಿರುತ್ತಾಳೆ. ದುಃಖ ಅಂದರೆ ಗಂಟಲಲ್ಲಿ ಸಿಕ್ಕ ತುತ್ತು, ಬೆನ್ನಿಗೆ ಗುದ್ದಿದರೆ ಹೊರಗೆ ಬೀಳುತ್ತೆ ಅನ್ನೋ ಲೆಕ್ಕ ಇದು. ನಿರ್ದೇಶಕರ ಕಷ್ಟವೂ ಅರ್ಥವಾಗುತ್ತದೆ ಬಿಡಿ. ಕಣ್ಣೀರು ಕ್ಯಾಮೆರಾಕ್ಕೆ ಸಿಗುತ್ತದೆ, ಗಂಡನ ಕನ್ನಡಕವನ್ನು ಎತ್ತಿಡಲು ಕೈ ಬಾರದೆ ಮೂರು ವಾರ ಮೇಜಿನ ಮೇಲೇ ಬಿಟ್ಟಿದ್ದು ಸಿಗುವುದಿಲ್ಲ.

ಹಾಗಂತ ಎಲ್ಲರೂ ಹೀಗೇ ತೋರಿಸಿಲ್ಲ. ರಾಮ್ ರೆಡ್ಡಿಯವರ 'ತಿಥಿ'ಯಲ್ಲಿ 101 ವರ್ಷದ ಸೆಂಚುರಿ ಗೌಡ ಸಾಯುತ್ತಾನೆ, ಮಗ ಗಡ್ಡಪ್ಪ ಮಾತ್ರ ತನ್ನ ಪಾಡಿಗೆ ತಾನು ಅಲೆದುಕೊಂಡಿರುತ್ತಾನೆ. ಮನೆಯವರಿಗೆ ಜಮೀನು ಮತ್ತು ತಿಥಿ ಊಟದ ಚಿಂತೆ. ನಾನು ಕಂಡ ಸಾವಿನ ಮನೆಗಳು ಇದಕ್ಕೇ ಜಾಸ್ತಿ ಹತ್ತಿರ.

ಇನ್ನು ಅಧ್ಯಯನದ ಮಾತು. ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಬೊನಾನೊ ಮತ್ತು ಸಂಗಡಿಗರು ವಯಸ್ಸಾದ ದಂಪತಿಗಳ ವಿಷಯದಲ್ಲಿ ಒಂದು ಕೆಲಸ ಮಾಡಿ 2002ರಲ್ಲಿ ಪ್ರಕಟಿಸಿದರು. ಗಂಡನೋ ಹೆಂಡತಿಯೋ ಹೋಗುವ ಮೊದಲೇ ಮಾತಾಡಿಸಿದ್ದ ಮಾಹಿತಿ ಅವರ ಕೈಲಿತ್ತು, ಹೋದ ಮೇಲೆ ಉಳಿದವರನ್ನು 18 ತಿಂಗಳವರೆಗೂ ಗಮನಿಸಲಾಗಿತ್ತು. ದೊಡ್ಡ ಗುಂಪು ಯಾವುದು ಗೊತ್ತಾ? ನಿಮ್ಮ ಅಮ್ಮನ ಹಾಗೆ ದಿನದ ಕೆಲಸ ತೂಗಿಸಿಕೊಂಡು ಹೋದವರದ್ದು. ಈಗ ಗಟ್ಟಿಯಾಗಿದ್ದವರು ಆಮೇಲೆ ಒಮ್ಮೆಲೇ ಕುಸಿಯುತ್ತಾರೆ ಅನ್ನೋ ನಂಬಿಕೆಗೆ ಅಲ್ಲಿ ಆಧಾರ ಸಿಗಲಿಲ್ಲ. 1999ರಲ್ಲಿ ಸ್ಟ್ರೋಬೆ ಮತ್ತು ಶುಟ್ ಅನ್ನೋ ಇಬ್ಬರು ಸಂಶೋಧಕರು ಇನ್ನೊಂದು ಮಾತು ಹೇಳಿದ್ದರು: ದುಃಖದಲ್ಲಿರುವವರು ಸ್ವಲ್ಪ ಹೊತ್ತು ನೋವಿನ ಕಡೆ, ಸ್ವಲ್ಪ ಹೊತ್ತು ಬದುಕಿನ ಕಡೆ, ಹೀಗೆ ಉಯ್ಯಾಲೆ ಆಡುತ್ತಿರುತ್ತಾರೆ. ಪಾರ್ಕಿಗೆ ಹೋಗುವುದು ಮರೆತಿದ್ದಾರೆ ಅಂತಲ್ಲ, ಉಯ್ಯಾಲೆ ಆ ಕಡೆಗೆ ಹೋಗಿದೆ ಅಂತ.

ಚಿಕಿತ್ಸೆಯ ವಿಷಯದಲ್ಲೂ ಸಿನಿಮಾಕ್ಕೆ ಇದೇ ಅವಸರ. 'ಆಪ್ತಮಿತ್ರ'ದಲ್ಲಿ (2004) ಡಾಕ್ಟರು ಒಂದು ನಾಟಕ ಹೂಡಿ ನಾಗವಲ್ಲಿಯ ಸೇಡು ತೀರಿಸುತ್ತಾರೆ, ಕಾಯಿಲೆ ಒಂದೇ ರಾತ್ರಿಗೆ ಮಾಯ. ನೋಡೋಕೆ ಮಜಾ, ನಾನೂ ಎಷ್ಟೋ ಸಲ ನೋಡಿದ್ದೇನೆ. ಇಲ್ಲದಿದ್ದರೆ ಕೈಕಾಲು ಕಟ್ಟಿ, ರೋಗಿ ಕಿರುಚುವಾಗಲೇ ಕರೆಂಟು ಕೊಡುತ್ತಾರೆ. ನಿಜದಲ್ಲಿ ಆ ಚಿಕಿತ್ಸೆಯನ್ನು ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸುವ ಔಷಧಿ ಕೊಟ್ಟೇ ಮಾಡಬೇಕು, ಅವಿಲ್ಲದೆ ಮಾಡುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಮತ್ತೆ, ಬರೀ ದುಃಖಕ್ಕೆ ಯಾರೂ ಅದನ್ನು ಕೊಡುವುದಿಲ್ಲ.

ನನ್ನ ಮಟ್ಟಿಗೆ ಸರಿಯಾಗಿ ಹೇಳಿದ್ದು 'ಶರಪಂಜರ'. ತ್ರಿವೇಣಿಯವರ ಕಾದಂಬರಿ, ಪುಟ್ಟಣ್ಣ ಕಣಗಾಲರ ಸಿನಿಮಾ. ಬಾಣಂತನದಲ್ಲಿ ಕಾಯಿಲೆ ಬಿದ್ದ ಕಾವೇರಿ ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ. ಅವಳನ್ನು ಮತ್ತೆ ಕೆಡಿಸೋದು ಮನೆಯವರ ಅನುಮಾನದ ಕಣ್ಣು. ಈಗ ನಿಮ್ಹಾನ್ಸ್‌ನಲ್ಲಿ ಅಂಥ ತಾಯಂದಿರನ್ನು ಮಗುವಿನ ಜೊತೆಗೇ ಇರಿಸಿಕೊಳ್ಳುವ ವಾರ್ಡ್ ಇದೆ. ಆದರೆ ಬೆಂಗಳೂರಲ್ಲಿ "ಇವನನ್ನ ನಿಮ್ಹಾನ್ಸ್‌ಗೆ ಸೇರಿಸಬೇಕು" ಅನ್ನೋದು ಇವತ್ತಿಗೂ ತಮಾಷೆಯ ಮಾತು, ಆ ಅನುಮಾನದ ಕಣ್ಣು ಎಲ್ಲೂ ಹೋಗಿಲ್ಲ.

ಹಾಗಾದರೆ ಡಾಕ್ಟರ ಹತ್ತಿರ ಯಾವಾಗ ಹೋಗಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ದೀರ್ಘಕಾಲದ ದುಃಖ ಅನ್ನೋ ಕಾಯಿಲೆ ಈಗ ಇದೆ. ಕನಿಷ್ಠ 6 ತಿಂಗಳಾದರೂ ಹಂಬಲ ಒಂದಿಷ್ಟೂ ತಗ್ಗದೆ, ದಿನದ ಬದುಕೇ ನಿಂತುಹೋಗಿ, ಆ ಸಮಾಜದ ರೂಢಿಯನ್ನೂ ಮೀರಿದ್ದರೆ ಮಾತ್ರ ಅದು. ರೂಢಿ ಅಂದಿದ್ದನ್ನು ಗಮನಿಸಿ. ನಮ್ಮಲ್ಲಿ ವರ್ಷಾಬ್ದಿಕದವರೆಗೂ ತಿಂಗಳು ತಿಂಗಳು ನೆನೆಯುವ ಮನೆಗಳಿವೆ, ಅದು ಕಾಯಿಲೆ ಅಲ್ಲ. ಕಾಯಿಲೆ ಅನ್ನಿಸಿಕೊಳ್ಳುವ ದೀರ್ಘಕಾಲದ ದುಃಖಕ್ಕೆ ಕ್ಯಾಥರೀನ್ ಶಿಯರ್ ಅನ್ನೋ ಮನೋವೈದ್ಯೆ ರೂಪಿಸಿದ ಚಿಕಿತ್ಸೆ 16 ಭೇಟಿಗಳದ್ದು. ಕೆನ್ನೆಗೆ ಒಂದೇ ಏಟಲ್ಲ, ಹದಿನಾರು ಸಲ ಕೂತು ಮಾತು.

ಊಟ, ನಿದ್ದೆ ಪೂರ್ತಿ ಬಿಟ್ಟರೆ, "ನಾನೂ ಹೋಗಿಬಿಡಬೇಕು" ಅಂದರೆ ಮಾತ್ರ 6 ತಿಂಗಳ ಲೆಕ್ಕ ಹಾಕಬೇಡಿ, ಆವತ್ತೇ ಡಾಕ್ಟರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.

ಇನ್ನೊಂದು. ದೊಡ್ಡಮ್ಮನ ಮೇಲೆ ಸಿಟ್ಟಾಗಬೇಡಿ. ದಿನಾ ಫೋನ್ ಮಾಡುತ್ತಾರೆ ಅಂದರೆ ಅಳು ಉಕ್ಕುತ್ತಿರೋದು ಅವರಿಗೇ ಇರಬಹುದು. ಈ ಭಾನುವಾರ ಊಟಕ್ಕೆ ಕರೆಯಿರಿ, ಅಪ್ಪನ ಮಾತು ತೆಗೆಯಿರಿ. ಅಡುಗೆ ಅಮ್ಮನೇ ಮಾಡಲಿ.