ಐದು ತಿಂಗಳ ಪಿಸಿಟಿ ನಡಿಗೆಯಲ್ಲಿ ಸಸ್ಯಾಹಾರಿಗಳು ಊಟಕ್ಕೇನು ಮಾಡಬೇಕು?

ಓದುಗರ ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಪೆಸಿಫಿಕ್ ಕ್ರೆಸ್ಟ್ ಟ್ರೇಲ್ (ಪಿಸಿಟಿ) ಎಂಬ ಕಾಲುದಾರಿಯನ್ನು ಒಂದೇ ಸಲಕ್ಕೆ ಪೂರ್ತಿ ನಡೆಯುವ ಆಸೆ. ಮೊಟ್ಟೆಯನ್ನೂ ತಿನ್ನುವುದಿಲ್ಲ. ಎಲ್ಲ ಊಟವನ್ನೂ ಮೊದಲೇ ಪಾರ್ಸೆಲ್ ಕಟ್ಟಿಟ್ಟು ಹೊರಡಬೇಕೇ?

ಉತ್ತರ: ಬೇಡ. ನಾಲ್ಕೈದು ಕಡೆಗೆ ಮಾತ್ರ ಪಾರ್ಸೆಲ್ ಕಳಿಸಿ, ಉಳಿದದ್ದನ್ನು ದಾರಿಯಲ್ಲಿ ಸಿಗುವ ಊರುಗಳಲ್ಲಿ ಕೊಳ್ಳಿ. ಮೆಕ್ಸಿಕೊ ಗಡಿಯ ಕ್ಯಾಂಪೊದಿಂದ ಕೆನಡಾ ಗಡಿಯವರೆಗೆ ಸುಮಾರು 4,265 ಕಿ.ಮೀ. ದಾರಿಯಿದೆ. ಸಾಮಾನ್ಯವಾಗಿ ಮೂರರಿಂದ ಏಳು ದಿನಕ್ಕೊಮ್ಮೆ ಊರು ಸಿಗುತ್ತದೆ. ಬಿಗ್ ಬೇರ್, ತೆಹಾಚಪಿ, ಮ್ಯಾಮತ್ ಲೇಕ್ಸ್, ಸೌತ್ ಲೇಕ್ ಟಾಹೊಗಳಲ್ಲಿ ದೊಡ್ಡ ಸೂಪರ್ ಮಾರ್ಕೆಟ್‌ಗಳೇ ಇವೆ. ಐದು ತಿಂಗಳದ್ದನ್ನು ಮೊದಲೇ ಕಟ್ಟಿಟ್ಟವರಿಗೆ ಎರಡನೇ ತಿಂಗಳಿಗೇ ಆ ರುಚಿ ಸಾಕುಸಾಕಾಗಿ, ಅರ್ಧದಷ್ಟು ಹೈಕರ್ ಬಾಕ್ಸ್‌ಗೆ ಹೋಗುತ್ತದೆ. ಬೇಡವಾದ ಆಹಾರವನ್ನು ಬೇರೆ ನಡಿಗೆಯವರು ಎತ್ತಿಕೊಳ್ಳಲೆಂದು ಬಿಟ್ಟುಹೋಗುವ ಡಬ್ಬ ಅದು.

ಮಾಂಸವಿಲ್ಲದೆ ಶಕ್ತಿ ಸಾಲದು ಎಂಬ ಭಯ ಬೇಡ. ನಿಜವಾಗಿ ಲೆಕ್ಕ ಹಾಕಬೇಕಾದದ್ದು ಬೆನ್ನ ಮೇಲಿನ ತೂಕ. ಒಂದು ಗ್ರಾಂಗೆ ಸರಾಸರಿ 4.4 ಕ್ಯಾಲೊರಿ ಸಿಗುವಂತೆ ಸಾಮಾನು ಆರಿಸಿ. ಒಂದು ದಿನಕ್ಕೆ ಹೀಗೆ: ಬೆಳಗ್ಗೆ 100 ಗ್ರಾಂ ಅವಲಕ್ಕಿ, 40 ಗ್ರಾಂ ಕೆನೆಹಾಲಿನ ಪುಡಿ, 40 ಗ್ರಾಂ ಬೆಲ್ಲ ಮತ್ತು ದ್ರಾಕ್ಷಿ. ನಡೆಯುತ್ತಾ ತಿನ್ನಲು 120 ಗ್ರಾಂ ಶೇಂಗಾ-ಗೋಡಂಬಿ, 80 ಗ್ರಾಂ ಚಿಕ್ಕಿ, 60 ಗ್ರಾಂ ಖರ್ಜೂರ. ಮಧ್ಯಾಹ್ನ 100 ಗ್ರಾಂ ಟೋರ್ಟಿಯಾ (ಮೆಕ್ಸಿಕೊದ ಚಪಾತಿ), 60 ಗ್ರಾಂ ಪೀನಟ್ ಬಟರ್, ಮೇಲೆ 15 ಗ್ರಾಂ ಚಟ್ನಿಪುಡಿ. ರಾತ್ರಿ 130 ಗ್ರಾಂ ಒಣಗಿಸಿದ ಬಿಸಿಬೇಳೆಬಾತ್, 30 ಗ್ರಾಂ ತುಪ್ಪ. ಒಟ್ಟು 775 ಗ್ರಾಂ, ಸುಮಾರು 3,400 ಕ್ಯಾಲೊರಿ. ಎರಡು-ಮೂರು ವಾರ ಕಳೆದ ಮೇಲೆ ಹಸಿವು ಜೋರಾಗುತ್ತದೆ. ಆಗ 100 ಗ್ರಾಂ ಶೇಂಗಾ ಮತ್ತು 20 ಗ್ರಾಂ ತುಪ್ಪ ಸೇರಿಸಿದರೆ 4,100 ದಾಟುತ್ತದೆ. ತುಪ್ಪವನ್ನು ತಿರುಪು ಮುಚ್ಚಳದ ಬಾಟಲಿಯಲ್ಲಿ ಹಾಕಿ, ಅದನ್ನು ಜಿಪ್ ಚೀಲದೊಳಗಿಡಿ. ದಕ್ಷಿಣ ಕ್ಯಾಲಿಫೋರ್ನಿಯಾದ ಬಿಸಿಲಿಗೆ ಅದು ನೀರಾಗಿ ಸೋರುತ್ತದೆ, ಮುಂದೆ ಸಿಗುವ ಸಿಯೆರಾ ನೆವಾಡಾ ಬೆಟ್ಟಸಾಲಿನ ಚಳಿಗೆ ಗಟ್ಟಿಯಾಗುತ್ತದೆ. ಹಾಗಾಗಿ ಅಗಲ ಬಾಯಿಯ ಬಾಟಲಿಯೇ ಬೇಕು.

ಹಸಿ ಬೇಳೆ, ಹಸಿ ಅಕ್ಕಿ ಒಯ್ಯಬೇಡಿ. 3,000 ಮೀಟರ್ ಎತ್ತರದಲ್ಲಿ ನೀರು 90 ಡಿಗ್ರಿಗೇ ಕುದಿಯುತ್ತದೆ. ಬೇಳೆ ಬೇಯುವಷ್ಟರಲ್ಲಿ ಗ್ಯಾಸ್ ಮುಗಿದಿರುತ್ತದೆ. ಮನೆಯಲ್ಲೇ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ, ಎಣ್ಣೆ-ತುಪ್ಪ ಹಾಕದೆ ತೆಳ್ಳಗೆ ಹರಡಿ, ಡಿಹೈಡ್ರೇಟರಿನಲ್ಲಿ 60 ಡಿಗ್ರಿಯ ಆಸುಪಾಸಿನಲ್ಲಿ ಎಂಟು-ಹತ್ತು ಗಂಟೆ ಒಣಗಿಸಿ. ಮುರಿದರೆ ಪಟ್ಟೆಂದು ಮುರಿಯಬೇಕು. ಬಾಗಿದರೆ ಒಳಗೆ ತೇವವಿದೆ, ಬೂಸ್ಟು ಹಿಡಿಯುತ್ತದೆ. ಜಿಡ್ಡು ಒಣಗುವುದಿಲ್ಲ, ಕೆಲವೇ ವಾರಗಳಲ್ಲಿ ಕಮಟು ವಾಸನೆ ಬರುತ್ತದೆ. ಒಗ್ಗರಣೆ ಬಿಡಬೇಕಾದದ್ದು ಅದಕ್ಕೇ. ರಾತ್ರಿ ಕುದಿಯುವ ನೀರು ಹಾಕಿ ಮುಚ್ಚಿ, ಜಾಕೆಟಿನಲ್ಲಿ ಸುತ್ತಿ ಕಾಲುಗಂಟೆ ಬಿಟ್ಟರೆ ಊಟ ಸಿದ್ಧ. ಗ್ಯಾಸ್ ಡಬ್ಬಿಯನ್ನು ಪಾರ್ಸೆಲಿನಲ್ಲಿ ಹಾಕಬೇಡಿ, ಊರಲ್ಲೇ ಕೊಳ್ಳಿ.

ಒಲೆಯೇ ಬೇಡವೆನ್ನುವವರಿಗೆ ಗೊಜ್ಜವಲಕ್ಕಿಯಷ್ಟು ಒಳ್ಳೆಯದು ಇನ್ನೊಂದಿಲ್ಲ. ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ತರಿಯಾಗಿ ಒಡೆದು, ಸಾರಿನ ಪುಡಿ, ಹುಣಸೆ ಪುಡಿ, ಬೆಲ್ಲದ ಪುಡಿ, ಉಪ್ಪು ಬೆರೆಸಿ ಒಂದೊಂದು ಹೊತ್ತಿಗೆ 100 ಗ್ರಾಂನಂತೆ ಕಟ್ಟಿಡಿ. ತಣ್ಣೀರು ಹಾಕಿ ಅರ್ಧ ಗಂಟೆ ಬಿಟ್ಟರೆ ಸಾಕು. ನೀರನ್ನು 150 ಮಿ.ಲೀ.ಯಿಂದ ಶುರುಮಾಡಿ, ಬೇಕೆನಿಸಿದರೆ ಆಮೇಲೆ ಸೇರಿಸಿ. ಮೊದಲೇ ಹೆಚ್ಚು ಸುರಿದರೆ ಅಂಟಾಗುತ್ತದೆ. ಕೊನೆಗೆ ಒಂದು ಹಿಡಿ ಶೇಂಗಾ. ಒಡೆದ ಅವಲಕ್ಕಿ ಇಡೀ ಅವಲಕ್ಕಿಗಿಂತ ಬಹಳ ಕಡಿಮೆ ಜಾಗ ಹಿಡಿಯುತ್ತದೆ, ಮತ್ತು ಈ ಜಾಗದ ಪ್ರಶ್ನೆ ಸಿಯೆರಾದಲ್ಲಿ ದೊಡ್ಡದಾಗುತ್ತದೆ.

ಅಲ್ಲಿ ಕರಡಿ ತೆರೆಯಲಾಗದ ಗಟ್ಟಿ ಡಬ್ಬ ಒಯ್ಯಬೇಕು. ಯೊಸೆಮಿಟಿಯಂಥ ಕಡೆ ಅದು ಕಡ್ಡಾಯ. ಬಹಳ ಜನ ಒಯ್ಯುವ ಬೇರ್‌ವಾಲ್ಟ್ ಬಿವಿ500ರಲ್ಲಿ 11.5 ಲೀಟರ್ ಜಾಗವಿದೆ; ಅದರ ತೂಕವೇ ಒಂದು ಕಿಲೊ ದಾಟುತ್ತದೆ. ಸಿಯೆರಾದ ಬಾಗಿಲಿನಂತಿರುವ ಕೆನಡಿ ಮೆಡೋಸ್‌ನಿಂದ ಕಿಯರ್‌ಸಾರ್ಜ್ ಪಾಸ್ (ಬೆಟ್ಟ ದಾಟುವ ಕಣಿವೆ) ಕವಲಿನವರೆಗೆ ಸುಮಾರು 140 ಕಿ.ಮೀ., ಅಲ್ಲಿಂದ ರಸ್ತೆಗಿಳಿಯಲು ಇನ್ನೊಂದು 12. ಮಧ್ಯೆ ಫಾರೆಸ್ಟರ್ ಪಾಸ್ ಇದೆ, ಇಡೀ ದಾರಿಯಲ್ಲೇ ಅತ್ಯಂತ ಎತ್ತರದ ಜಾಗ, 4,000 ಮೀಟರಿಗೂ ಮೇಲೆ. ಹಿಮದಲ್ಲಿ ನಡಿಗೆ ನಿಧಾನವಾಗುವುದರಿಂದ ಆರೇಳು ದಿನದ ಊಟ ಆ ಒಂದೇ ಡಬ್ಬದಲ್ಲಿ ಹಿಡಿಸಬೇಕು. ಟೂತ್‌ಪೇಸ್ಟ್, ಸನ್‌ಸ್ಕ್ರೀನ್ ಸಹ ಅದರೊಳಗೇ ಹೋಗಬೇಕೆಂಬುದನ್ನು ಜನ ಮರೆಯುತ್ತಾರೆ. ಮಂಡಕ್ಕಿ, ಗಾಳಿ ತುಂಬಿದ ಚಿಪ್ಸ್ ಪೊಟ್ಟಣಗಳಿಗೆ ಇಲ್ಲಿ ಜಾಗವಿಲ್ಲ.

ಅಂಗಡಿಯಲ್ಲಿ ಕೊಳ್ಳುವಾಗ ಹಿಂಬದಿಯ ಪಟ್ಟಿ ಓದಲೇಬೇಕು. ಅನೇಕ ರಾಮೆನ್ ಪೊಟ್ಟಣಗಳಲ್ಲಿ, ಅನ್ನದ ಪೊಟ್ಟಣಗಳಲ್ಲಿ ಕೋಳಿ ಅಥವಾ ದನದ ಮಾಂಸದ ಪುಡಿ ಇರುತ್ತದೆ. ನಡಿಗೆಯವರು ಇಷ್ಟಪಡುವ ಸಕ್ಕರೆ ಲೇಪದ ಪಾಪ್-ಟಾರ್ಟ್ಸ್‌ನಲ್ಲಿ ದನದ ಜೆಲಟಿನ್ ಇದೆ. ಕೆಲವು ಟೋರ್ಟಿಯಾಗಳಿಗೂ ರೀಫ್ರೈಡ್ ಬೀನ್ಸ್‌ಗೂ ಹಂದಿಯ ಕೊಬ್ಬು ಹಾಕಿರುತ್ತಾರೆ.

ಹಾಗಾದರೆ ಪಾರ್ಸೆಲ್ ಎಲ್ಲಿಗೆ? ಸಿಯೆರಾಕ್ಕೆ ಮೊದಲು ಕೆನಡಿ ಮೆಡೋಸ್‌ಗೆ, ಆಮೇಲೆ ಮುಖ್ಯವಾಗಿ ವಾಷಿಂಗ್ಟನ್ ರಾಜ್ಯದೊಳಗೆ: ವೈಟ್ ಪಾಸ್, ಸ್ನೊಕ್ವಾಲ್ಮಿ ಪಾಸ್, ಸ್ಟಿಹೀಕಿನ್. ಅಲ್ಲಿರುವುದು ಸಣ್ಣ ಅಂಗಡಿಗಳು; ಸಸ್ಯಾಹಾರಿಗೆ ಆಯ್ಕೆ ಕಡಿಮೆ, ಬೆಲೆ ಹೆಚ್ಚು. ಸನ್ನಿವೇಲ್, ಫ್ರೀಮಾಂಟ್‌ಗಳ ಭಾರತೀಯ ಅಂಗಡಿಗಳಲ್ಲಿ ಅವಲಕ್ಕಿ, ಚಿಕ್ಕಿ, ಉಪ್ಪಿಟ್ಟಿನ ಮಿಕ್ಸ್ ಎಲ್ಲ ಸಿಗುತ್ತವೆ. ತುಂಬಿದ ಪಾರ್ಸೆಲ್ ಡಬ್ಬಗಳನ್ನು ಮನೆಯಲ್ಲಿ ಒಬ್ಬರ ಬಳಿ ಬಿಟ್ಟು, ಬಾಯಿ ಮುಚ್ಚದೇ ಇಡಿ. ನೀವು ಫೋನ್ ಮಾಡಿ ಬೇಕು-ಬೇಡ ಹೇಳಿದ ಮೇಲೆ ಅಂಟಿಸಿ, ತಲುಪುವ ಎರಡು ವಾರ ಮೊದಲು ಕಳಿಸಲಿ. ಅಂಚೆ ಕಚೇರಿಗೆ ಕಳಿಸುವುದಾದರೆ ನಿಮ್ಮ ಹೆಸರು, ‘ಜನರಲ್ ಡೆಲಿವರಿ’, ಊರು, ಜಿಪ್ ಕೋಡ್, ತಲುಪುವ ಅಂದಾಜು ದಿನಾಂಕ ಬರೆಯಿರಿ. ಹೆಸರು ಪಾಸ್‌ಪೋರ್ಟ್ ಅಥವಾ ಲೈಸೆನ್ಸಿನಲ್ಲಿ ಇದ್ದ ಹಾಗೇ ಇರಲಿ. ಇನಿಷಿಯಲ್ ಬಿಡಿಸಿ ಬರೆದ ಹೆಸರು ಒಂದರಲ್ಲಿ, ಮೊಟಕು ಹೆಸರು ಇನ್ನೊಂದರಲ್ಲಿ ಇದ್ದರೆ ಡಬ್ಬ ಕೈಗೆ ಸಿಗುವುದು ಕಷ್ಟ. ಭಾನುವಾರ ಅಂಚೆ ಕಚೇರಿ ಮುಚ್ಚಿರುತ್ತದೆ, ಸಣ್ಣ ಊರುಗಳಲ್ಲಿ ಶನಿವಾರವೂ ತೆರೆಯದಿರಬಹುದು.

ಸ್ಟಿಹೀಕಿನ್‌ಗೆ ಹೊರಗಿನಿಂದ ರಸ್ತೆಯೇ ಇಲ್ಲ, ಸಾಮಾನು ಬರುವುದು ಶೆಲಾನ್ ಸರೋವರದ ದೋಣಿಯಲ್ಲಿ. ಅಲ್ಲಿಂದ ಗಡಿಗೆ ಸುಮಾರು 130 ಕಿ.ಮೀ. ಈ ದಾರಿಯಲ್ಲಿ ಕೆನಡಾದೊಳಕ್ಕೆ ನಡೆದು ಹೋಗಲು ಕೊಡುತ್ತಿದ್ದ ಅನುಮತಿಯನ್ನು 2025ರಲ್ಲಿ ನಿಲ್ಲಿಸಿದ್ದಾರೆ. ಆದ್ದರಿಂದ ಗಡಿಯ ಕಂಬ ಮುಟ್ಟಿ, ರಸ್ತೆ ಸಿಗುವ ಹಾರ್ಟ್ಸ್ ಪಾಸ್‌ಗೆ ಸುಮಾರು 50 ಕಿ.ಮೀ. ಹಿಂದಕ್ಕೆ ನಡೆಯಬೇಕು. ಸ್ಟಿಹೀಕಿನ್ ಡಬ್ಬದಲ್ಲಿ ಆ ಎರಡು ದಿನದ ಊಟವೂ ಇರಲಿ.